ಬೇಸಿಗೆಯ ಹಂದಿಗಳು

ಕೋಪನ್‌ಹೇಗನ್, ಜನವರಿ 14, 1934

ಪ್ರೀತಿಯ ಎಸ್ಬೆನ್ ಅಣ್ಣ,

ಇನ್ನು ಮುಂದೆ ನಿನ್ನನ್ನು ಬಹುವಚನದಲ್ಲಿ ಕರೆಯಬೇಕೇನೋ. ನಮ್ಮ ಪ್ರೊಫೆಸರ್ ಕ್ರಾಗ್ ಅವರ ಹೊಸ ಲೇಖನದಲ್ಲಿ ನಿನ್ನ ಹೆಸರು ಅಚ್ಚಾಗಿದೆ. 'ಲೇಸೊ ದ್ವೀಪದ ವೈದ್ಯ ಎಸ್ಬೆನ್ ಬ್ರೊಗೊರ್ ಅವರ ಇಪ್ಪತ್ತೆರಡು ರೋಗಿಗಳಲ್ಲಿ ಲಿಯೆನಾಲ್ ಚುಚ್ಚುಮದ್ದಿನಿಂದ ರಕ್ತದೊತ್ತಡ ಗಮನಾರ್ಹವಾಗಿ ಇಳಿದಿದೆ' ಎಂದು ಬರೆದಿದ್ದಾರೆ. ಈ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಬೆಕ್ಕು ಕುಯ್ದವಳು ನಾನು, ಹೆಸರು ಬಂದದ್ದು ನಿನಗೆ. ಈಗ ಇಲ್ಲಿ ನನ್ನನ್ನು 'ಲೇಸೊ ಡಾಕ್ಟರ ತಂಗಿ' ಎಂದು ಕರೆಯುತ್ತಾರೆ. ಸುಳ್ಳೇಕೆ, ಹೊಟ್ಟೆ ಸ್ವಲ್ಪ ಉರಿಯಿತು, ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ಎಕ್ಸ್‌ಚೇಂಜಿನಲ್ಲಿ ಲೈನು ಕೊಡುವ ಸಿಸ್ಸೆಲ್ ನಡುವೆ ಬಾಯಿ ಹಾಕುತ್ತಾಳೆ. ಕ್ರಿಸ್‌ಮಸ್ ದಿನ ನಾವು ಮಾತಾಡುತ್ತಿದ್ದಾಗ, ಬಾತುಕೋಳಿ ಇನ್ನೂ ಸ್ವಲ್ಪ ಹೊತ್ತು ಒಲೆಯಲ್ಲೇ ಇರಲಿ ಎಂದು ನಿನಗೆ ಸಲಹೆ ಕೊಟ್ಟಳಲ್ಲ, ಅಂದಿನಿಂದ ನನಗೆ ಕಾಗದವೇ ವಾಸಿ ಅನ್ನಿಸಿದೆ.

ನನಗೊಂದು ಹೊಸ ಕೆಲಸ ಬಂದಿದೆ. ಲಿಯೆನಾಲ್ ಅಂದರೆ ಹಂದಿಯ ಗುಲ್ಮವನ್ನು ಅರೆದು, ಸೋಸಿ ತೆಗೆದ ಸಾರ ಎನ್ನುವುದು ನಿನಗೆ ಗೊತ್ತು. ಚಳಿಗಾಲದಲ್ಲಿ ಮಾಡಿದ ಸಾರವನ್ನು ಬೆಕ್ಕಿನ ರಕ್ತನಾಳಕ್ಕೆ ಬಿಟ್ಟರೆ ಒತ್ತಡ ದಡಕ್ಕನೆ ಬೀಳುತ್ತದೆ. ಬೇಸಿಗೆಯಲ್ಲಿ ಮಾಡಿದ್ದು ಪಿಸುಗುಟ್ಟುವುದೂ ಇಲ್ಲ. ಬೇಸಿಗೆಯಲ್ಲಿ ಹಂದಿಗಳು ಹಸಿರು ಮೇವು ತಿನ್ನುತ್ತವೆ, ಅದರಿಂದ ಗುಲ್ಮದ ಸತ್ವ ಕಡಿಮೆಯಾಗುತ್ತದೆ ಎನ್ನುವುದು ಪ್ರೊಫೆಸರ್ ಸಿದ್ಧಾಂತ. ಅದಕ್ಕೆ ಅವರು 'ಬೇಸಿಗೆಯ ಹಂದಿ' ಎಂದು ಹೆಸರನ್ನೂ ಇಟ್ಟಿದ್ದಾರೆ. ಯಾವ ಮೇವಿನಿಂದ ಏನಾಗುತ್ತದೆ ಎಂದು ನಾನು ಪತ್ತೆ ಹಚ್ಚಬೇಕು. ಹಂದಿಗೆ ಊಟ ಏನಾಗಿತ್ತು ಎಂದು ವಿಚಾರಿಸುವುದಕ್ಕೆ ನಾನು ಡಾಕ್ಟರೇಟ್ ಮಾಡಿದ್ದು ನೋಡು.

ಅತ್ತಿಗೆಗೆ ನೆನಪು ಹೇಳು.

ನಿನ್ನ
ರಗ್ನಾ


ಲೇಸೊ, ಜನವರಿ 27, 1934

ಪ್ರೀತಿಯ ರಗ್ನಾ,

ಲೇಖನದ ಪ್ರತಿ ಬಂತು. ಅದನ್ನು ಕಾಯುವ ಕೊಠಡಿಯ ಮೇಜಿನ ಮೇಲೆ ಇಟ್ಟಿದ್ದೇನೆ, ಆ ಪುಟವನ್ನೇ ತೆರೆದು. ನಗಬೇಡ. ಹದಿನಾರು ವರ್ಷ ಇಲ್ಲಿ ಹೆರಿಗೆ ಮಾಡಿಸಿದ್ದೇನೆ, ಮೀನುಗಾರರ ಕೈಗೆ ಹೊಕ್ಕ ಗಾಳ ಕಿತ್ತಿದ್ದೇನೆ. ರಾಜಧಾನಿಯವರು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು.

ನಿನ್ನ ಪ್ರೊಫೆಸರ್ ನಿಜಕ್ಕೂ ದೊಡ್ಡವರು. ಬಂದರಿನ ಮುದುಕರಿಗೆ ತಲೆನೋವು ಬಿಟ್ಟಿದೆ, ಮೆಟ್ಟಿಲು ಹತ್ತುತ್ತಾರೆ. ಸೂಜಿ ಚುಚ್ಚಿದ ಕಡೆ ಕೆಂಪಗೆ ದದ್ದು ಏಳುತ್ತದೆ, ಮುಖ ಬಿಸಿಯಾಗುತ್ತದೆ. ಅದು ಎದ್ದರೆ ಮದ್ದು ಹಿಡಿಯಿತೆಂದು ಜನರ ಲೆಕ್ಕ. ಏಳದಿದ್ದರೆ ನನ್ನ ಮೇಲೆಯೇ ಸಿಟ್ಟಾಗುತ್ತಾರೆ. ಜೊತೆಗೆ ನಾನು ಉಪ್ಪು ಮೀನು, ಉಪ್ಪು ಹಂದಿಮಾಂಸ ಎರಡನ್ನೂ ಬಿಡಿಸಿದ್ದೇನೆ. ಈ ದ್ವೀಪದವರಿಗೆ ಉಪ್ಪು ಬಿಡಿ ಅನ್ನುವುದೂ ಒಂದೇ, ಉಸಿರು ಬಿಡಿ ಅನ್ನುವುದೂ ಒಂದೇ. ಆದರೆ ಸೂಜಿಯ ಮೇಲಿನ ಭಕ್ತಿಗೆ ಅದನ್ನೂ ಬಿಟ್ಟರು.

ಸಿಸ್ಸೆಲ್ ಕೂಡ ತನಗೂ ಬೇಕೆಂದು ಕೂತಿದ್ದಾಳೆ. ಅವಳಿಗೆ ಒತ್ತಡ ಇದೆ, ಉಬ್ಬಸವೂ ಇದೆ. ಮುಂದಿನ ತಿಂಗಳು ಶುರು ಮಾಡೋಣ ಅಂದುಕೊಂಡಿದ್ದೇನೆ. ಇನ್ನೆರಡು ಪೆಟ್ಟಿಗೆ ಕಳಿಸಲು ಹೇಳು, ಚಳಿಗಾಲದ್ದೇ ಇರಲಿ.

ಒಂದು ಮಾತು. ದೊಡ್ಡವರು ಮೇವು ನೋಡು ಅಂದರೆ ಮೇವು ನೋಡು. ನಿನಗೆ ಚಿಕ್ಕಂದಿನಿಂದಲೂ ಎದುರು ಮಾತಾಡುವ ಚಟ.

ನಿನ್ನ ಅಣ್ಣ
ಎಸ್ಬೆನ್


ಕೋಪನ್‌ಹೇಗನ್, ಫೆಬ್ರವರಿ 19, 1934

ಅಣ್ಣ,

ಸಮುದ್ರ ಹೆಪ್ಪುಗಟ್ಟಿ ನಿಮ್ಮ ದೋಣಿ ನಿಂತಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಈ ಕಾಗದ ಯಾವಾಗ ಮುಟ್ಟುತ್ತದೋ ಗೊತ್ತಿಲ್ಲ. ಫೋನಿನಲ್ಲಿ ಹೇಳುವಂಥದ್ದಲ್ಲ, ಹೇಳಿದರೆ ಅರ್ಧ ಗಂಟೆಯಲ್ಲಿ ಇಡೀ ದ್ವೀಪಕ್ಕೆ ಗೊತ್ತಾಗುತ್ತದೆ. ನಿಧಾನವಾಗಿ ಓದು.

ಮೇವು ವಿಚಾರಿಸಲು ಕಸಾಯಿಖಾನೆಗೆ ಹೋಗಿದ್ದೆ. ಹೋದವಳು ಸುಮ್ಮನೆ ಬರಲಾರದೆ, ಆಗ ತಾನೆ ಕುಯ್ದ ಹಂದಿಯ ಗುಲ್ಮಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಸೈಕಲ್ ತುಳಿದು ಬಂದೆ. ಇನ್ನೂ ಹಬೆಯಾಡುತ್ತಿದ್ದವು. ಅಲ್ಲಿಂದಲ್ಲಿಗೇ ಅರೆದು, ಸೋಸಿ, ಬೆಕ್ಕಿಗೆ ಕೊಟ್ಟೆ. ಒತ್ತಡ ಬರೆಯುವ ಯಂತ್ರದ ಮಸಿ ಬಳಿದ ಕಾಗದದ ಮೇಲೆ ಮುಳ್ಳು ಗೀಚುತ್ತಲೇ ಹೋಯಿತು, ಗೆರೆ ಮಿಸುಕಲಿಲ್ಲ. ನಡುಚಳಿಗಾಲದ ಹಂದಿ, ಹಸಿರೆಲೆ ಕಣ್ಣಲ್ಲಿ ಕಂಡಿಲ್ಲ, ಆದರೂ ಅದು 'ಬೇಸಿಗೆಯ ಹಂದಿ'.

ಹಾಗಾದರೆ ನಮ್ಮ ಸಾರಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಅದು ಗೊತ್ತಾದ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ, ಆಮೇಲೆ ನಗು ಬರಲಿಲ್ಲ. ಕಸಾಯಿಖಾನೆಯವರು ಗುಲ್ಮ ತಂದುಕೊಡುವುದು ಶನಿವಾರ. ಶನಿವಾರ ಮಧ್ಯಾಹ್ನ ನಮ್ಮಲ್ಲಿ ಕೇಕು, ಕಾಫಿ ಆಗುತ್ತದೆ, ಎಲ್ಲರೂ ಕೈ ತೊಳೆದು ಮನೆಗೆ ಹೋಗುತ್ತಾರೆ. ಗುಲ್ಮಗಳು ಹೆಪ್ಪುಗಟ್ಟಿ ಕಲ್ಲಾಗಿರುತ್ತವೆ. ಸೋಮವಾರ ಅರೆಯಲು ಮೆತ್ತಗಿರಲಿ ಎಂದು ಬಕೆಟ್ಟುಗಳನ್ನು ನೆಲಮಾಳಿಗೆಯ ಬಾಯ್ಲರ್ ಪಕ್ಕ ಇಟ್ಟು ಹೋಗುವುದು ನಮ್ಮ ಪದ್ಧತಿ. ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ನಾನೂ ಎಷ್ಟೋ ಶನಿವಾರ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಬಾಯ್ಲರ್ ಉರಿಸುವುದಿಲ್ಲ, ನೆಲಮಾಳಿಗೆ ತಣ್ಣಗಿರುತ್ತದೆ. ಅಷ್ಟೇ ಕಥೆ. ಹಂದಿಯ ಮೇವಿಗೂ ಇದಕ್ಕೂ ಸಂಬಂಧವಿಲ್ಲ. ಬಿಸಿಗೆ ಮಾಂಸ ಕೊಳೆಯುತ್ತದೆ, ಕೊಳೆಯುವಾಗ ಹಿಸ್ಟಮಿನ್ ಹುಟ್ಟುತ್ತದೆ, ಅದು ಒತ್ತಡವನ್ನು ಬೀಳಿಸುತ್ತದೆ. ಬಾಟಲಿಯ ಹಿಸ್ಟಮಿನ್ ಕೊಟ್ಟು ನೋಡಿದೆ, ಅದೇ ಗೆರೆ. ಗಿನಿಯಿಲಿಯ ಕರುಳಿನ ತುಂಡನ್ನು ಉಪ್ಪುನೀರಿನಲ್ಲಿ ತೂಗುಹಾಕಿ ಹಿಸ್ಟಮಿನ್, ಲಿಯೆನಾಲ್ ಎರಡನ್ನೂ ಬಿಟ್ಟೆ, ಎರಡಕ್ಕೂ ಒಂದೇ ಥರ ಮುದುಡಿತು.

ನೀನು ಜನರಿಗೆ ಚುಚ್ಚುತ್ತಿರುವುದು ಕೊಳೆತ ಮಾಂಸದ ನೀರು ಅಣ್ಣ. ಒತ್ತಡ ಬೀಳುತ್ತದೆ ನಿಜ, ಕಾಲು ಗಂಟೆಯಲ್ಲಿ ಮೊದಲಿನ ಜಾಗಕ್ಕೇ ಬರುತ್ತದೆ. ಉಬ್ಬಸದವರಿಗಂತೂ ಇದು ವಿಷ. ದಯವಿಟ್ಟು ನಿಲ್ಲಿಸು. ಸಿಸ್ಸೆಲ್‌ಗೆ ಶುರುವೇ ಮಾಡಬೇಡ.

ಕ್ರಾಗ್ ಅವರಿಗೆ ಎಲ್ಲವನ್ನೂ ತೋರಿಸಿದೆ. ಬಹಳ ಹೊತ್ತು ಆ ಕಾಗದಗಳನ್ನು ನೋಡಿದರು. ಆಮೇಲೆ, 'ನೋಡಮ್ಮ, ಲಿಯೆನಾಲ್ ಮಾಡೋಕೆ ಮದ್ದಿನ ಕಾರ್ಖಾನೆಯವರು ಯಂತ್ರ ತರಿಸಿ ಆಗಿದೆ. ಇನ್ನೊಂದು ವರ್ಷ ಇದನ್ನ ಪೆಟ್ಟಿಗೆಯಲ್ಲಿಡು' ಅಂದರು. ಇಡುವುದಿಲ್ಲ ಅಂದೆ.

ರಗ್ನಾ


ಲೇಸೊ, ಮಾರ್ಚ್ 25, 1934

ರಗ್ನಾ,

ನಿನ್ನ ಕಾಗದ ಹನ್ನೆರಡನೇ ತಾರೀಕು ಹಿಮದ ಮೇಲೆ ಎಳೆದು ತಂದ ಚೀಲದಲ್ಲಿ ಬಂತು. ಉತ್ತರಿಸಲು ಇಷ್ಟು ದಿನ ಬೇಕಾಯಿತು. ಸಿಟ್ಟಿನಲ್ಲಿ ಬರೆಯಬಾರದು ಎಂದು ಕಾದೆ, ಸಿಟ್ಟು ಇಳಿದಿಲ್ಲ.

ನನ್ನ ರೋಗಿಗಳಿಗೆ ಗುಣವಾಗಿದೆ. ನಾನೇ ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿದ್ದೇನೆ, ಕೈಯಾರೆ. ನಿನ್ನ ಬೆಕ್ಕು ನನ್ನ ಮನುಷ್ಯರಿಗಿಂತ ದೊಡ್ಡದೇನು? ಮೇಜಿಗೆ ಕಟ್ಟಿದ ಒಂದು ಪ್ರಾಣಿಯ ಗೆರೆ ನೋಡಿ, ಬದುಕಿ ಓಡಾಡುವ ಜನರಿಗೆ ನಿಮಗೆ ಗುಣವಾಗಿಲ್ಲ ಎಂದು ಹೇಳಬೇಕೇ? ಅವರು ನನ್ನನ್ನು ಸಮುದ್ರಕ್ಕೆ ಎಸೆದಾರು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಉಪನ್ಯಾಸಕರ ಹುದ್ದೆ ಕ್ರಾಗ್ ಅವರ ಅಳಿಯ ಪೌಲ್‌ಗೆ ಹೋಯಿತೆಂದು ನಿನ್ನ ಅತ್ತಿಗೆಯ ತಮ್ಮ ಹೇಳಿದ. ನೀನು ಆ ವಿಷಯ ಬರೆಯಲೇ ಇಲ್ಲ. ಆ ಉರಿಯಲ್ಲಿ ಬಾಯ್ಲರ್ ಕಾಣಿಸಿತೋ, ಬಾಯ್ಲರಿನಿಂದ ಉರಿ ಬಂತೋ, ನೀನೇ ಯೋಚಿಸು.

ಇಲ್ಲಿ ಬೇರೆ ವಿಶೇಷವಿಲ್ಲ. ಸಿಸ್ಸೆಲ್ ಕೆಮ್ಮಿನಿಂದ ಮಲಗಿದ್ದಾಳೆ. ಎಕ್ಸ್‌ಚೇಂಜಿನಲ್ಲಿ ಅವಳ ಅಕ್ಕನ ಮಗಳು ಕೂತಿದ್ದಾಳೆ, ತಪ್ಪು ತಪ್ಪು ನಂಬರ್ ಕೊಡುತ್ತಾಳೆ.

ಎಸ್ಬೆನ್


ಕೋಪನ್‌ಹೇಗನ್, ಏಪ್ರಿಲ್ 2, 1934

ಅಣ್ಣ,

ಹುದ್ದೆಯ ವಿಷಯ ನಿಜ. ಬರೆಯಲಿಲ್ಲ, ಯಾಕೆಂದರೆ ನೀನು ಹೀಗೆಯೇ ಅನ್ನುತ್ತೀ ಎಂದು ಗೊತ್ತಿತ್ತು. ಹೊಟ್ಟೆಕಿಚ್ಚು ನನಗಿದೆ, ಬೇಕಾದಷ್ಟಿದೆ. ಆದರೆ ನನ್ನ ಹೊಟ್ಟೆಕಿಚ್ಚು ಬೆಕ್ಕಿಗೆ ಗೊತ್ತಿಲ್ಲ, ಮಸಿ ಕಾಗದಕ್ಕೂ ಗೊತ್ತಿಲ್ಲ.

ಒಂದೇ ಪ್ರಶ್ನೆ. ಸಿಸ್ಸೆಲ್‌ಗೆ ಕೆಮ್ಮು ಬಂದದ್ದು ಸೂಜಿಗೆ ಮೊದಲೋ, ಆಮೇಲೋ?

ರಗ್ನಾ


ಕೋಪನ್‌ಹೇಗನ್, ಮೇ 20, 1934

ಅಣ್ಣ,

ಏಳು ವಾರ ಆಯಿತು. ನೀನು ಕ್ರಾಗ್ ಕಡೆ ಸೇರಿದ್ದೀ ಎಂದು ತಿಳಿದುಕೊಂಡಿದ್ದೇನೆ. ಇರಲಿ, ನನ್ನ ಸುದ್ದಿ ಹೇಳುವುದು ನನ್ನ ಧರ್ಮ.

ನಾನು ಚೆನ್ನಾಗಿದ್ದೇನೆ. ಪ್ರಾಣಿಗಳ ಕೊಠಡಿಯ ಕೀಲಿಯನ್ನು ನನ್ನಿಂದ ತೆಗೆದುಕೊಂಡರು, ಹಾಗಾಗಿ ಗ್ರಂಥಾಲಯದಲ್ಲಿ ಕೂರುತ್ತೇನೆ. ಬೆಕ್ಕು ಇಲ್ಲದಿದ್ದರೇನು, ಪ್ರಾಣಿಯೊಂದು ನನ್ನ ಬಳಿ ಇದ್ದೇ ಇದೆ. ನೊರೆಬ್ರೊ ಬಡಾವಣೆಯ ನನ್ನ ಬಾಡಿಗೆ ಕೋಣೆಯ ಮನೆಯೊಡತಿಯ ಅಡುಗೆಮನೆಯಲ್ಲಿ ಕೂತು ನನ್ನ ಮುಂಗೈಯನ್ನೇ ಸೂಜಿಯಿಂದ ಗೀರಿ ಒಂದು ಕಡೆ ಬಾಟಲಿಯ ಹಿಸ್ಟಮಿನ್, ಒಂದು ಕಡೆ ಲಿಯೆನಾಲ್, ಒಂದು ಕಡೆ ತಾಜಾ ಗುಲ್ಮದ ಸಾರ, ಹನಿ ಹನಿ ಬಿಟ್ಟೆ. ಮೊದಲ ಎರಡು ಕಡೆ ದದ್ದು ಎದ್ದಿತು, ಸುತ್ತ ಕೆಂಪು, ತುರಿಕೆ. ಮೂರನೆಯದು ಸುಮ್ಮನಿತ್ತು. ಮನೆಯೊಡತಿ ನೋಡಿ, ಮನೆಯಲ್ಲಿ ತಿಗಣೆ ಇದೆ ಎಂದು ಯಾರಿಗೂ ಹೇಳಬೇಡ ಎಂದು ಬೇಡಿಕೊಂಡಳು. ನಿನ್ನ ಜನ 'ಮದ್ದು ಹಿಡಿಯಿತು' ಎನ್ನುವ ದದ್ದು ಅದೇ ಅಣ್ಣ.

ಜೂನ್ ಹದಿನೈದಕ್ಕೆ ವೈದ್ಯರ ಸಂಘದ ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೇನೆ. ಆ ವೇದಿಕೆ ಹತ್ತಿದರೆ ಸೋಮವಾರ ಕೆಲಸಕ್ಕೆ ಬರುವುದು ಬೇಡ ಎಂದು ಕ್ರಾಗ್ ಹೇಳಿ ಕಳಿಸಿದರು. ಶುಕ್ರವಾರ ಸಭೆ, ಶನಿವಾರ ಕೇಕು ತಿಂದೇ ಹೋಗುತ್ತೇನೆ ಎಂದು ನಾನೂ ಹೇಳಿ ಕಳಿಸಿದೆ.

ಅವರು ನಿನ್ನ ಇಪ್ಪತ್ತೆರಡು ಜನರನ್ನು ನನ್ನ ಮುಂದೆ ಗೋಡೆಯಂತೆ ನಿಲ್ಲಿಸುತ್ತಾರೆ. ಅದು ನನಗೆ ಗೊತ್ತು. ಮನುಷ್ಯರ ವಿಷಯ ಹೇಳಲು ನನಗೊಬ್ಬ ವೈದ್ಯ ಬೇಕು. ನಿನ್ನನ್ನು ಬಿಟ್ಟು ಯಾರನ್ನೂ ಅರಿಯೆ, ನೀನು ಮಾತಾಡುವುದಿಲ್ಲ. ಹಾಗಿದ್ದರೂ ಹತ್ತುತ್ತೇನೆ.

ರಗ್ನಾ


ಲೇಸೊ, ಮೇ 29, 1934

ಪ್ರೀತಿಯ ರಗ್ನಾ,

ಸೂಜಿ ಆದ ಮೇಲೆ.

ಮಾರ್ಚ್ ಆರನೇ ತಾರೀಕು, ಸಿಸ್ಸೆಲ್‌ಳ ಎಕ್ಸ್‌ಚೇಂಜಿನಲ್ಲೇ. ಅವಳು ಕುರ್ಚಿ ಬಿಟ್ಟು ಬರುವುದಿಲ್ಲ ಎಂದು ನಾನೇ ಹೋಗಿದ್ದೆ. ಚುಚ್ಚಿ ಸಿರಿಂಜ್ ಒರೆಸುತ್ತಿದ್ದೆ, ಅಷ್ಟರಲ್ಲಿ ಎದೆಯಿಂದ ಸೀಟಿ ಶುರುವಾಯಿತು. ತುಟಿ ನೀಲಿಯಾಯಿತು. ಅಡ್ರಿನಲಿನ್ ಕೊಟ್ಟೆ, ಮತ್ತೆ ಕೊಟ್ಟೆ. ಬೋರ್ಡಿನ ಮೇಲೆ ದೀಪಗಳು ಹತ್ತುತ್ತಲೇ ಇದ್ದವು, ಜನ ಕರೆಯುತ್ತಿದ್ದರು, ನಾನು ಅವಳನ್ನು ಹಿಡಿದು ಕೂತಿದ್ದೆ. ಬದುಕಿದಳು. ಹಳೆಯ ಉಬ್ಬಸ, ಚಳಿ ಹೊಡೆತ ಎಂದು ನನಗೆ ನಾನೇ ಹೇಳಿಕೊಂಡೆ. ಆರು ದಿನದ ಮೇಲೆ ನಿನ್ನ ಕಾಗದ ಬಂತು. ಉಬ್ಬಸದವರಿಗೆ ವಿಷ ಎಂಬ ಸಾಲನ್ನು ಓದಿ ಒಲೆಗೆ ಹಾಕಲು ಹೋದೆ, ಹಾಕಲಿಲ್ಲ. ಆ ಸಿಟ್ಟಿನ ಉತ್ತರ ಬರೆದದ್ದು ಹೆದರಿಕೆಗೆ.

ಏಪ್ರಿಲ್‌ನಿಂದ ಯಾರಿಗೂ ಕೊಟ್ಟಿಲ್ಲ. ಪೆಟ್ಟಿಗೆ ಮುಗಿದಿದೆ ಎಂದು ಸುಳ್ಳು ಹೇಳುತ್ತಿದ್ದೇನೆ. ಸಹಕಾರಿ ಅಂಗಡಿಯ ಲೌರಿಟ್ಸ್ ನೇರ ಮುಖಕ್ಕೇ ಅಂದ: 'ಮದ್ದು ಸಿಗ್ತಿದ್ದಾಗ ಚೆನ್ನಾಗಿದ್ದೆ ಡಾಕ್ಟ್ರೇ, ಈಗ ನಿಮ್ಮ ಮುಖ ನೋಡಿದ್ರೇನೇ ತಲೆನೋವು.' ಕೆಲವರು ದೋಣಿ ಹತ್ತಿ ಫ್ರೆಡೆರಿಕ್ಸ್‌ಹಾವ್ನ್‌ಗೆ ಹೋಗಿ ಚುಚ್ಚಿಸಿಕೊಂಡು ಬರುತ್ತಾರೆ. ವಿಚಿತ್ರ ನೋಡು, ಉಪ್ಪು ಬಿಟ್ಟವರ ಒತ್ತಡ ಸೂಜಿ ಇಲ್ಲದೆಯೂ ಏರಿಲ್ಲ. ಲೌರಿಟ್ಸ್‌ನದೂ ಏರಿಲ್ಲ.

ನಿನ್ನ ಕಾಗದ ನೋಡಿ ನಾನೂ ಮುಂಗೈ ಗೀರಿಕೊಂಡೆ. ದದ್ದು ಎದ್ದಿತು.

ಆದರೆ ಸಭೆಯಲ್ಲಿ ನನ್ನ ಹೆಸರು ಎತ್ತಬೇಡ ರಗ್ನಾ. ಸಿಸ್ಸೆಲ್ ವಿಷಯವನ್ನೂ ಎತ್ತಬೇಡ. ಈ ದ್ವೀಪಕ್ಕೆ ನಾನೊಬ್ಬನೇ ವೈದ್ಯ. ನಂಬಿಕೆ ಹೋದರೆ ಹೆರಿಗೆಗೂ ಯಾರೂ ಕರೆಯಲಾರರು. ಹೇಡಿ ಅನ್ನು, ಪರವಾಗಿಲ್ಲ.

ಎಸ್ಬೆನ್


ಕೋಪನ್‌ಹೇಗನ್, ಜೂನ್ 4, 1934

ಅಣ್ಣ,

ಹೇಡಿ ಅನ್ನುವುದಿಲ್ಲ. ನಿನ್ನನ್ನು ಕ್ರಾಗ್ ಕಡೆಯವನು ಅಂದದ್ದಕ್ಕೆ ನಾಚಿಕೆಯಾಗಿದೆ. ನೀನು ಅವಳನ್ನು ಹಿಡಿದು ಕೂತದ್ದನ್ನು ಓದಿ ಅಳು ಬಂತು, ಗ್ರಂಥಾಲಯದಲ್ಲಿ ಎಲ್ಲರ ಮುಂದೆ.

ನೀನೇ ಬರೆದದ್ದನ್ನು ನೀನೇ ಓದಲಿಲ್ಲವೇ? ನಿನ್ನ ರೋಗಿಗಳ ಒತ್ತಡ ಇಳಿಸಿದ್ದು ನಮ್ಮ ಹಂದಿಯಲ್ಲ, ನೀನು. ಉಪ್ಪಿನ ದ್ವೀಪದಲ್ಲಿ ನಿಂತು ಉಪ್ಪು ಬಿಡಿಸಿದೆ, ವಾರವಾರ ಪ್ರತಿ ಮನೆಗೆ ಹೋಗಿ ಕೂತೆ. ಆ ಕೀರ್ತಿಯನ್ನು ಬಕೆಟ್ಟಿಗೆ ಕೊಟ್ಟು ಕೈಕಟ್ಟಿ ನಿಂತಿದ್ದೀಯ.

ನಿನ್ನ ಹೆಸರು ಎತ್ತುವುದಿಲ್ಲ. ಮಾತು ಕೊಟ್ಟಿದ್ದೇನೆ. ನನ್ನ ಕೈ ಒಂದೇ ಸಾಕು.

ರಗ್ನಾ


ಕೋಪನ್‌ಹೇಗನ್, ಜೂನ್ 16, 1934

ಅಣ್ಣ,

ನಿನ್ನೆ ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಕೈ ಇನ್ನೂ ತುರಿಸುತ್ತಿದೆ.

ಸಭಾಂಗಣ ತುಂಬಿತ್ತು. ಹೆಂಗಸು ಪ್ರೊಫೆಸರನ್ನು ಬೈಯುತ್ತಾಳಂತೆ ಎಂದು ಸುದ್ದಿ ಹಬ್ಬಿತ್ತು, ಹಲ್ಲು ಕೀಳುವ ಡಾಕ್ಟರುಗಳೂ ಬಂದಿದ್ದರು. ನಾನು ಬೈಯಲಿಲ್ಲ. ಬೆಕ್ಕಿನ ಗೆರೆಗಳನ್ನು ತೋರಿಸಿದೆ, ಶನಿವಾರದ ಬಕೆಟ್ಟಿನ ಕಥೆ ಹೇಳಿದೆ. ಒಂದಿಬ್ಬರು ನಕ್ಕರು. ಬಹುಶಃ ಅವರ ಪ್ರಯೋಗಶಾಲೆಯಲ್ಲೂ ಒಂದು ಬಕೆಟ್ಟು ಇರಬೇಕು.

ಕ್ರಾಗ್ ಎದ್ದರು. ಬಾಯ್ಲರಿನ ಕಟ್ಟುಕಥೆ ನಿಲ್ಲುವುದಿಲ್ಲ, ಏಪ್ರಿಲ್‌ನಿಂದ ಬಾಯ್ಲರ್ ಆರಿದೆ, ಆದರೂ ಈ ತಿಂಗಳು ಒಣ ಮೇವಿನ ಹಂದಿಗಳಿಂದ ಕಾರ್ಖಾನೆಗೆಂದು ಮಾಡಿದ ಲಿಯೆನಾಲ್ ಜನವರಿಯದರಷ್ಟೇ ಬಲವಾಗಿದೆ ಅಂದರು. ಅವರು ಅದನ್ನು ನಂಬಿದ್ದರು ಅಣ್ಣ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಳೆದ ಭಾನುವಾರ ಟ್ರಾಮಿನಿಂದ ನಾನು ನಮ್ಮ ಪ್ರಯೋಗಶಾಲೆಯ ಚಿಮಣಿಯನ್ನು ನೋಡಿದ್ದೆ. ಬಟ್ಟೆ ಒಣಗುವಂಥ ಬಿಸಿಲು, ಚಿಮಣಿಯಲ್ಲಿ ಹೊಗೆ. ಅದನ್ನೇ ಕೇಳಿದೆ. 'ಜೂನ್ ತಿಂಗಳಲ್ಲಿ ನಮ್ಮ ಬಾಯ್ಲರ್ ಹಚ್ಚಿದ್ದು ಯಾರಿಗೆ ಚಳಿ ಆಯ್ತು ಅಂತ, ಪ್ರೊಫೆಸರ್?'

ಅವರು ತಿರುಗಿ ಅಳಿಯನನ್ನು ನೋಡಿದರು. ಪೌಲ್ ಎದ್ದು, ಗೋಡೆಗಳು ತೇವವಾಗಿದ್ದವು ಎಂದು ಏನೋ ತೊದಲಿದ. ನನ್ನ ಮಾತನ್ನು ಸುಳ್ಳು ಎನ್ನುತ್ತಲೇ ಬಾಯ್ಲರ್ ಹಚ್ಚಿದ್ದಾನೆ, ಮಾವನಿಗೆ ಹೇಳದೆ. ಸಭೆಯಲ್ಲಿ ಗದ್ದಲವಾಯಿತು.

ಆದರೂ ಕ್ರಾಗ್ ಸೋಲಲಿಲ್ಲ. ಬೆಕ್ಕು ಮನುಷ್ಯನಲ್ಲ ಅಂದರು. ಅದಕ್ಕೇ ಕಾದಿದ್ದೆ. ತೋಳು ಮಡಿಸಿ ಅಧ್ಯಕ್ಷರನ್ನು ಕರೆದೆ. ನಡುವೆ ಪರದೆ ಹಿಡಿಸಿ, ಮೂರು ಸೀಸೆಗಳಿಂದ ಯಾವುದು ಎಲ್ಲಿ ಎಂದು ನನಗೂ ಹೇಳದೆ ಅವರೇ ನನ್ನ ಕೈ ಗೀರಿದರು. ಎರಡು ಕಡೆ ದದ್ದು ಎದ್ದಿತು. ಕೈಯನ್ನು ಕ್ರಾಗ್ ಮುಂದೆ ಚಾಚಿ, ಇದರಲ್ಲಿ ನಿಮ್ಮ ಮದ್ದು ಯಾವುದು ಎಂದು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ ಬಗ್ಗಿದರು. ಅಷ್ಟು ಜನರ ನಡುವೆ, ಅಷ್ಟು ಮಾತಾದ ಮೇಲೂ, ಆ ಮನುಷ್ಯ ಸರಿಯಾಗಿ ನೋಡಿದರು. ನನಗೆ ನೋಡುವುದನ್ನು ಕಲಿಸಿದವರು ಅವರೇ. 'ಹೇಳಕ್ಕಾಗಲ್ಲ' ಅಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

ಅಲ್ಲಿಗೆ ಬಿಟ್ಟಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಬಿಡಲಿಲ್ಲ. ನೆಟ್ಟಗಾಗಿ ಸಭೆಗೆ ಹೇಳಿದರು: 'ಚರ್ಮ ಹೃದಯ ಅಲ್ಲ. ಲೇಸೊದಲ್ಲಿ ಇಪ್ಪತ್ತೆರಡು ಜನರಿಗೆ ಗುಣ ಆಗಿದೆ. ಬರೆದುಕೊಟ್ಟವರು ಈ ಹುಡುಗಿಯ ಸ್ವಂತ ಅಣ್ಣ. ಅವರ ಬಗ್ಗೆ ಇವಳು ಒಂದು ಮಾತಾಡಲಿ ನೋಡೋಣ.'

ಎಲ್ಲರೂ ನನ್ನನ್ನು ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಮಾತು ಕೊಟ್ಟಿದ್ದೆನಲ್ಲ. ಆ ಮೌನದಲ್ಲಿ ಗೆದ್ದದ್ದೆಲ್ಲ ಕೈಬಿಟ್ಟು ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಒಬ್ಬೊಬ್ಬರೇ ಟೋಪಿ ಹುಡುಕತೊಡಗಿದರು.

ಆಗ ಅಧ್ಯಕ್ಷರು ಜೇಬಿನಿಂದ ಒಂದು ತಂತಿ ತೆಗೆದರು. ಸಂಜೆ ಬಂದದ್ದಂತೆ. ಓದಿದರು:

'ಕ್ರಾಗ್ ಲೇಖನದಲ್ಲಿರುವ ನನ್ನ ಇಪ್ಪತ್ತೆರಡು ರೋಗಿಗಳನ್ನು ವಾಪಸು ಪಡೆಯುತ್ತೇನೆ. ಎಲ್ಲರೂ ಉಪ್ಪು ಬಿಟ್ಟಿದ್ದರು. ಸೂಜಿ ನಿಲ್ಲಿಸಿದ ಮೇಲೂ ಒತ್ತಡ ಏರಿಲ್ಲ. ಮಾರ್ಚ್ ಆರರಂದು ಲಿಯೆನಾಲ್ ಕೊಟ್ಟ ಕೂಡಲೇ ಉಸಿರು ಕಟ್ಟಿದವಳು ಸಿಸ್ಸೆಲ್ ಮೋಲ್ಬೆಕ್, ಲೇಸೊ ಎಕ್ಸ್‌ಚೇಂಜ್. ಬದುಕಿದ್ದಾಳೆ. ಸಂಶಯ ಇರುವವರು ಫೋನ್ ಮಾಡಿ ಕೇಳಬಹುದು, ಬೆಳಗ್ಗೆ ಎಂಟರ ನಂತರ. ಡಾಕ್ಟರ್ ಎಸ್ಬೆನ್ ಬ್ರೊಗೊರ್.'

ಫೋನ್ ಮಾಡುವ ಸಾಲಿಗೆ ಸಭೆಯೆಲ್ಲ ನಕ್ಕಿತು. ಕ್ರಾಗ್ ಮಾತ್ರ ನಗಲಿಲ್ಲ, ಕಾಗದಗಳನ್ನು ಜೋಡಿಸಿಕೊಂಡು ಹೊರಟರು.

ಅಣ್ಣ, ಹೆಸರು ಬೇಡ ಅಂದವನು ಹೇಗೆ ಬರೆದೆ? ಆ ಕೊನೆಯ ಸಾಲು ನಿನ್ನದಲ್ಲ ಎನ್ನುವುದಂತೂ ಖಂಡಿತ.

ರಗ್ನಾ


ಲೇಸೊ, ಜೂನ್ 24, 1934

ಪ್ರೀತಿಯ ರಗ್ನಾ,

ಕ್ರಾಗ್ ನನಗೆ ಕಾಗದ ಬರೆದಿದ್ದರು. ಸಭೆಯ ದಿನವೇ ಮುಟ್ಟಿತು. ನಿನ್ನ ನರಗಳು ದಣಿದಿವೆಯಂತೆ, ಒಂಟಿ ಹೆಣ್ಣುಮಕ್ಕಳಲ್ಲಿ ಹೀಗಾಗುತ್ತದಂತೆ, ನಿನಗೆ ಸಮುದ್ರದ ಗಾಳಿ ಬೇಕಂತೆ. ನಿನ್ನನ್ನು ಮನೆಗೆ ಕರೆಸಿಕೊಳ್ಳಬೇಕಂತೆ. ಬಹಳ ಸಭ್ಯವಾದ ಕಾಗದ. ಓದಿ ಮುಗಿಸಿದ ಮೇಲೆ ನನಗೆ ಹೆದರಿಕೆಯೇ ಉಳಿಯಲಿಲ್ಲ. ತಂಗಿಗೆ ಹುಚ್ಚು ಎಂದು ಒಪ್ಪಿಕೊಂಡು ಉಳಿಸಿಕೊಳ್ಳುವ ಮಾನ ನನಗೆ ಬೇಡ.

ತಂತಿ ಬರೆದು ಎಕ್ಸ್‌ಚೇಂಜಿಗೆ ಒಯ್ದೆ, ಕಳಿಸಬೇಕಾದವಳು ಸಿಸ್ಸೆಲ್ ತಾನೇ. ನಾನು ಬರೆದದ್ದು 'ಒಬ್ಬ ರೋಗಿಯ ಉಸಿರು ಕಟ್ಟಿತು' ಎಂದು. ಅವಳು ಓದಿದಳು, ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಆ ದಿನ ಆದದ್ದು ಮದ್ದಿನಿಂದ ಎಂದು ನಾನು ಅವಳಿಗೆ ಹೇಳಿದ್ದು ಆಗಲೇ, ಎಲ್ಲವನ್ನೂ, ನಿಂತುಕೊಂಡೇ. ಬೈದಳು, ಅದನ್ನು ಬರೆಯುವುದಿಲ್ಲ. ಆಮೇಲೆ ಪೆನ್ಸಿಲ್ ತೆಗೆದು ನನ್ನ ಸಾಲಿಗೆ ಗೀಟು ಹಾಕಿದಳು. 'ಒಬ್ಬ ರೋಗಿಯಂತೆ. ಸತ್ತೇ ಹೋಗ್ತಿದ್ದೆ ಡಾಕ್ಟ್ರೇ, ಒಂದು ಹೆಸರಿಗೂ ಗತಿ ಇಲ್ವಾ ನಂಗೆ?' ಅಂದಳು. ಮುಂದಿನದನ್ನೆಲ್ಲ ಅವಳೇ ಸೇರಿಸಿದ್ದು.

ಮರುದಿನದಿಂದ ಯಾರು ಫೋನ್ ಎತ್ತಿ ಫ್ರೆಡೆರಿಕ್ಸ್‌ಹಾವ್ನ್ ಡಾಕ್ಟರನ್ನು ಕೇಳಿದರೂ ಮೊದಲು ತನ್ನ ಕಥೆ ಪೂರ್ತಿ ಹೇಳಿ ಆಮೇಲೆ ಲೈನು ಕೊಡುತ್ತಾಳೆ. ಅರ್ಧ ಜನ ಅಷ್ಟರಲ್ಲಿ ಇಟ್ಟುಬಿಡುತ್ತಾರೆ. ಲೌರಿಟ್ಸ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಇನ್ನೂ ಕೆಲವರು ಬಿಟ್ಟಿದ್ದಾರೆ. ಮೊನ್ನೆ ಲೌರಿಟ್ಸ್‌ನ ಸೊಸೆಗೆ ನೋವು ಬಂದಾಗ ನನ್ನನ್ನೇ ಕರೆದರು. ಬಾಗಿಲು ತೆಗೆದವನು ಅವನೇ, ಮುಖ ತಿರುಗಿಸಿಕೊಂಡು ತೆಗೆದ. ಹೆಣ್ಣುಮಗು, ಜೋರು ಗಂಟಲು.

ಕ್ರಾಗ್‌ಗೆ ಒಂದು ಸಾಲಿನ ಉತ್ತರ ಕಳಿಸಿದ್ದೇನೆ. ನನ್ನ ತಂಗಿಗೆ ಸಮುದ್ರದ ಗಾಳಿ ಬೇಕಿಲ್ಲ, ನಿಮ್ಮ ನೆಲಮಾಳಿಗೆಗೆ ಬೇಕು ಎಂದು.

ಎಸ್ಬೆನ್


ಕೋಪನ್‌ಹೇಗನ್, ಜುಲೈ 9, 1934

ಅಣ್ಣ,

ನೀನು ಕ್ರಾಗ್‌ಗೆ ಬರೆದ ಸಾಲನ್ನು ಮನೆಯೊಡತಿಗೆ ಓದಿ ಹೇಳಿದೆ. ನಿನಗೆ ಮದುವೆಯಾಗಿದೆಯೇ ಎಂದು ಕೇಳಿದಳು.

ಕಾರ್ಖಾನೆಯವರು ಲಿಯೆನಾಲ್ ನಿಲ್ಲಿಸಿದ್ದಾರೆ. 'ಸದ್ಯಕ್ಕೆ' ಎಂದು ಪ್ರಕಟಣೆ ಕೊಟ್ಟಿದ್ದಾರೆ, ಆ ಸದ್ಯ ಮುಗಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಇನ್ನು ಆ ಸೂಜಿ ಫ್ರೆಡೆರಿಕ್ಸ್‌ಹಾವ್ನ್‌ನಲ್ಲೂ ಸಿಗುವುದಿಲ್ಲ, ಲೌರಿಟ್ಸ್‌ಗೆ ಹೇಳು. ಕ್ರಾಗ್ ಲೇಖನವನ್ನು ಹಿಂದಕ್ಕೆ ಪಡೆದಿಲ್ಲ. ಪೌಲ್ ಉಪನ್ಯಾಸಕನಾಗಿಯೇ ಇದ್ದಾನೆ. ಸಂಘದವರು ನನಗೆ ಅಭಿನಂದನೆಯ ಕಾಗದ ಕಳಿಸಿದರು, ಅದನ್ನು ಕಳಿಸಿದವರಲ್ಲಿ ಒಬ್ಬರೂ ಕೆಲಸ ಕೊಡಲಿಲ್ಲ. ನಾಲ್ಕು ಕಡೆ ಕೇಳಿದೆ. ನಾಲ್ಕೂ ಕಡೆ ಬಹಳ ಮೆಚ್ಚಿದರು, ಬಾಗಿಲ ತನಕ ಬಂದು ಬೀಳ್ಕೊಟ್ಟರು.

ಹಾಗಂತ ನೀನು ನನಗೆಂದು ಕೋಣೆಗೆ ಸುಣ್ಣ ಬಳಿಸಬೇಡ. ನಾನು ಬರುವುದಿಲ್ಲ. ಆಗಸ್ಟ್ ಒಂದರಿಂದ ನನಗೆ ಕೆಲಸ ಸಿಕ್ಕಿದೆ, ಹಂದಿ ಕಸಾಯಿಖಾನೆಯ ಪರೀಕ್ಷಾ ಕೊಠಡಿಯಲ್ಲಿ. ಇಂಗ್ಲೆಂಡಿಗೆ ಹಡಗು ಹತ್ತುವ ಮಾಂಸವನ್ನು ನೋಡಿ ಮುದ್ರೆ ಒತ್ತಬೇಕು. ಮೇಲಿನವನು ಗುಂಡಗಿನ ಮನುಷ್ಯ, ಸಂದರ್ಶನದಲ್ಲಿ ಒಂದೇ ಪ್ರಶ್ನೆ ಕೇಳಿದ, ಹುಳಿವಾಸನೆ ತಿಳಿಯುತ್ತದೆಯೇ ಎಂದು. ಸಂಜೆ ಐದಕ್ಕೆ ಕೆಲಸ ಮುಗಿಯುತ್ತದೆ, ಅಲ್ಲಿ ಒಂದು ಮೇಜು ಕೊಡುತ್ತಾನಂತೆ. ನನ್ನ ಲೇಖನ ಅಲ್ಲೇ ಬರೆಯುತ್ತೇನೆ, ನಿನ್ನ ಉಪ್ಪಿನ ಲೆಕ್ಕವನ್ನೂ ಅದರಲ್ಲೇ ಸೇರಿಸುತ್ತೇನೆ, ನಿನ್ನ ಹೆಸರಿನಲ್ಲೇ.

ಅಷ್ಟೆಲ್ಲ ಓದಿ ಕಸಾಯಿಖಾನೆಗಾ ಎಂದು ಅತ್ತಿಗೆ ಕೇಳುತ್ತಾಳೆ. ಹೌದು ಎಂದು ಹೇಳು. ಅಲ್ಲಿ ಕೊಳೆತದ್ದನ್ನು ಕೊಳೆತದ್ದು ಎನ್ನಲು ಯಾರ ಅಪ್ಪಣೆಯೂ ಬೇಕಿಲ್ಲ.

ನಿನ್ನ
ರಗ್ನಾ